ಓಕ್ ಮರದ ಕಣಜಗಳ ದಾರಿ: ಎಸೆಕ್ಸ್‌ನಿಂದ ವೂಸ್ಟರ್‌ಶೈರ್‌ವರೆಗೆ

ಗುರುವಾರ: ಕ್ರೆಸಿಂಗ್ ಟೆಂಪಲ್

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಎಸೆಕ್ಸ್ ಕಡೆಗೆ ಹೋಗುವ ರೈಲನ್ನು ಹಿಡಿದು, ವಿಟಮ್‌ನಲ್ಲಿ ಇಳಿದು, ಬ್ರೇನ್‌ಟ್ರೀಗೆ ಹೋಗುವ ಒಂಟಿ ಹಳಿಯ ಕವಲು ಮಾರ್ಗದ ಗಾಡಿಗೆ ಬದಲಾಯಿಸಿಕೊಂಡರೆ, ವೈಟ್ ನಾಟ್ಲಿ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅಲ್ಲಿಂದ ಕ್ರೆಸಿಂಗ್ ಟೆಂಪಲ್‌ಗೆ ಹೊಲಗಳ ನಡುವೆ ನಡೆದೇ ಹೋಗಬಹುದು. ಸೆಪ್ಟೆಂಬರ್ ತಿಂಗಳಾದ್ದರಿಂದ ಗೋಧಿಯ ಕೊಯ್ಲು ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿದಿತ್ತು. ಕೊಯ್ದ ಬೆಳೆ ಈಗ ಕಂಬೈನ್ ಯಂತ್ರದ ಹೊಟ್ಟೆಯೊಳಗೇ ಕಾಳಾಗಿ, ಲಾರಿ ಏರಿ ಹೋಗಿಬಿಡುತ್ತದೆ. ಏಳೆಂಟು ಶತಮಾನಗಳ ಹಿಂದೆ ಇದೇ ಬೆಳೆ ಸಿವುಡುಗಳಾಗಿ ಬಂಡಿಯೇರಿ ನಾನು ನೋಡಲು ಹೊರಟಿದ್ದ ಎರಡು ಕಟ್ಟಡಗಳೊಳಗೆ ಹೋಗುತ್ತಿತ್ತು.

ಕ್ರೆಸಿಂಗ್‌ನ ಜಹಗೀರನ್ನು ಟೆಂಪ್ಲರ್ ಯೋಧ ಸನ್ಯಾಸಿಗಳಿಗೆ ದಾನವಾಗಿ ಕೊಟ್ಟವಳು ಇಂಗ್ಲೆಂಡಿನ ರಾಜ ಸ್ಟೀಫನ್‌ನ ರಾಣಿ ಮಟಿಲ್ಡಾ. ಅದು 1137ರ ಮಾತು. ಜೆರುಸಲೆಮ್ ಯಾತ್ರಿಕರ ರಕ್ಷಣೆಗೆಂದು ಹುಟ್ಟಿಕೊಂಡ ಆ ಪಂಥಕ್ಕೆ ಇಂಗ್ಲೆಂಡಿನಲ್ಲಿ ಸಿಕ್ಕ ಮೊದಮೊದಲ ಭೂಮಿಗಳಲ್ಲಿ ಇದೂ ಒಂದು. ಪೂರ್ವದ ಯುದ್ಧಗಳಿಗೆ ಕುದುರೆ, ಕಬ್ಬಿಣ, ಸಂಬಳ ಎಲ್ಲವೂ ಬೇಕಾಗಿದ್ದವು. ಅವುಗಳಿಗೆ ಬೇಕಾದ ಹಣ ಎಸೆಕ್ಸ್‌ನ ಜೇಡಿಮಣ್ಣಿನ ಹೊಲಗಳಂಥ ನೆಲದಿಂದಲೇ ಹುಟ್ಟಬೇಕಾಗಿತ್ತು. ಆದ್ದರಿಂದ ಇಲ್ಲಿ ಕಟ್ಟಿದ್ದು ಕೋಟೆಯಲ್ಲ, ವ್ಯವಸಾಯದ ಕೇಂದ್ರ. ಪಂಥವನ್ನು ಹತ್ತಿಕ್ಕಿದ ಹೊತ್ತಿನಲ್ಲಿ, ಅಂದರೆ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ಇಲ್ಲಿನ ಆಸ್ತಿಯನ್ನು ಪಟ್ಟಿ ಮಾಡಿದಾಗ ಪ್ರಾರ್ಥನಾ ಮಂದಿರದ ಜೊತೆಗೆ ರೊಟ್ಟಿಯ ಒಲೆಮನೆ, ಮದ್ಯ ಕುದಿಸುವ ಮನೆ, ಹಾಲಿನ ಮನೆ, ಕಮ್ಮಾರಸಾಲೆ, ಪಾರಿವಾಳದ ಗೂಡು, ನೀರಿನ ಗಿರಣಿ, ಗಾಳಿ ಗಿರಣಿಗಳೂ ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ಬಹುಪಾಲು ಇಂದು ಇಲ್ಲ. ಉಳಿದುಕೊಂಡವು ಎರಡು ಬಾರ್ನ್‌ಗಳು, ಅಂದರೆ ಕಣಜಗಳು: ಬಾರ್ಲಿ ಬಾರ್ನ್ ಮತ್ತು ವೀಟ್ ಬಾರ್ನ್.

ಹೊರಗಿನಿಂದ ನೋಡಿದರೆ ಎರಡೂ ಬಹುಪಾಲು ಮಾಡೇ. ಹೆಂಚಿನ ಮಾಡು ಬಹಳ ಎತ್ತರದಿಂದ ಇಳಿಯುತ್ತಾ ಇಳಿಯುತ್ತಾ ಮನುಷ್ಯನ ತಲೆಗಿಂತ ಸ್ವಲ್ಪವೇ ಮೇಲೆ ನಿಲ್ಲುತ್ತದೆ. ಅದರ ಕೆಳಗೆ ಗೋಡೆಗೆ ಉಳಿಯುವ ಪಾಲು ಕಡಿಮೆ. ಆ ಗೋಡೆಗೆ ಭಾರ ಹೊರುವ ಕೆಲಸವೂ ಅಷ್ಟಾಗಿ ಇಲ್ಲ ಎಂಬುದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ನಡುವಿನ ಅಂಗಳದ ಎರಡೂ ಬದಿಗೆ ಓಕ್ ಮರದ ದಪ್ಪ ಕಂಬಗಳ ಸಾಲು ನಿಂತಿದೆ. ಎದುರುಬದುರಿನ ಎರಡು ಕಂಬಗಳನ್ನು ಅಡ್ಡತೊಲೆ ಕೂಡಿಸುತ್ತದೆ. ಒಂದೇ ಸಾಲಿನ ಕಂಬಗಳ ನೆತ್ತಿಯ ಮೇಲೆ ಉದ್ದತೊಲೆ ಓಡುತ್ತದೆ. ಮಾಡಿನ ಪಕಾಸಿಗಳು ಈ ಉದ್ದತೊಲೆಗೆ ಆತು, ಕಂಬಗಳಾಚೆಯ ಪಕ್ಕದ ಸಾಲುಗಳ ಮೇಲೆ ಚಾಚಿ, ಹೊರಗೋಡೆಯವರೆಗೆ ಇಳಿಯುತ್ತವೆ. ಹೀಗೆ ಕಟ್ಟಡದ ಉದ್ದಕ್ಕೂ ಮೂರು ಪಟ್ಟಿಗಳು: ನಡುವೆ ಅಗಲವಾದದ್ದೊಂದು, ಮಗ್ಗುಲಲ್ಲಿ ಕಿರಿದಾದವು ಎರಡು. ಕಂಬದಿಂದ ಕಂಬಕ್ಕೆ ಒಂದೊಂದು ಅಂಕಣ. ಇನ್ನಷ್ಟು ದೊಡ್ಡದು ಬೇಕೆಂದರೆ ಅಂಕಣಗಳನ್ನು ಸೇರಿಸುತ್ತಾ ಹೋದರಾಯಿತು.

ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಮಾಡಿದ ಕಾಲನಿರ್ಣಯದಂತೆ ಬಾರ್ಲಿ ಬಾರ್ನ್‌ನ ಮರಗಳನ್ನು ಕಡಿದದ್ದು 1205 ಮತ್ತು 1235ರ ನಡುವೆ; ವೀಟ್ ಬಾರ್ನ್‌ನ ಮರಗಳನ್ನು ಅದಾದ ಸುಮಾರು ಅರ್ಧ ಶತಮಾನಕ್ಕೆ, 1257ರ ನಂತರದ ಎರಡು ಮೂರು ದಶಕಗಳಲ್ಲಿ. ಓಕ್ ಮರವನ್ನು ಅಂದು ಒಣಗಿಸಲು ಇಡುತ್ತಿರಲಿಲ್ಲ, ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಮರ ಕಡಿದ ವರ್ಷಕ್ಕೂ ಕಟ್ಟಡ ಎದ್ದ ವರ್ಷಕ್ಕೂ ಅಂತರ ಬಹಳವಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ತೊಗಟೆಯ ಕೆಳಗಿನ ಕಡೆಯ ಉಂಗುರ ಉಳಿದಿದ್ದರೆ ವರ್ಷ ಖಚಿತವಾಗಿಯೇ ಸಿಗುತ್ತದೆ. ಬಡಗಿ ಮರವನ್ನು ಚೌಕ ಮಾಡುವಾಗ ಚೇಗಿನ ಸುತ್ತಲಿನ ಬಿಳಿಮರವನ್ನು ಕೆತ್ತಿ ಹಾಕಿದ್ದರೆ ಎಷ್ಟು ಉಂಗುರಗಳು ಹೋದವೆಂದು ಅಂದಾಜು ಮಾಡಬೇಕಾಗುತ್ತದೆ. ಕ್ರೆಸಿಂಗ್‌ಗೆ ಒಂದೇ ವರ್ಷದ ಬದಲು ಇಷ್ಟಗಲದ ಕಾಲಾವಧಿ ದೊರೆತಿರುವುದರ ಹಿಂದೆ ಇಂಥ ಅಂದಾಜಿದೆ.

ಈ ಕಾಲನಿರ್ಣಯದ ವಿಧಾನ ಚೆನ್ನಾಗಿ ಬಳಕೆಗೆ ಬರುವ ಮೊದಲೇ ಎಸೆಕ್ಸ್‌ನ ಸೆಸಿಲ್ ಹೆವೆಟ್ ಎಂಬ ಸಂಶೋಧಕರು, ಮರಗಳನ್ನು ಕೂಡಿಸಿರುವ ಸಂದುಗಳನ್ನೇ ನೋಡಿ ಕಟ್ಟಡದ ವಯಸ್ಸನ್ನು ಹೇಳಬಹುದು ಎಂದು ವಾದಿಸಿದರು. ಸಂದು ಕೂಡಿಸುವ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಹೋಯಿತು, ಆ ಬದಲಾವಣೆಗೆ ಒಂದು ಕ್ರಮವಿದೆ ಎಂಬುದು ಅವರ ನಿಲುವು. ಅವರು ಹೇಳಿದ ವರ್ಷಗಳಲ್ಲಿ ಕೆಲವು ಮುಂದೆ ತಿದ್ದುಪಡಿಯಾದವು; ನೋಡುವ ಬಗೆ ಮಾತ್ರ ನಿಂತಿತು. ಇಡೀ ಪ್ರವಾಸದಲ್ಲಿ ನಾನು ಅದೇ ಕಣ್ಣನ್ನು ಎರವಲು ಪಡೆದಿದ್ದೆ.

ಬಾರ್ಲಿ ಬಾರ್ನ್‌ನಲ್ಲಿ ಆ ಕಣ್ಣಿಗೆ ಮೊದಲು ಬೀಳುವುದು ಹಂದರ ವಾಲದಂತೆ ಆಸರೆ ಕೊಡಲು ಓರೆಯಾಗಿ ಓಡುವ ನೇರವಾದ ಊರೆಮರಗಳು. ಹದಿಮೂರನೆಯ ಶತಮಾನದ ಆರಂಭದ ಬಡಗಿಗೆ ಬಾಗಿದ ಊರೆಯ ಮೇಲೆ ಅಷ್ಟು ಒಲವಿರಲಿಲ್ಲ. ಉದ್ದನೆಯ ನೇರ ಮರವೊಂದನ್ನು ಅದು ದಾಟುವ ಪ್ರತಿಯೊಂದು ಮರದ ಮೈಗೂ ಹೊಂದಿಸಿ ಹಾಯಿಸಿಬಿಡುತ್ತಿದ್ದ. ಹಾಗೆ ಒಂದರ ಮೇಲೊಂದು ಹಾಯುವ ಕಡೆ ಅರ್ಧರ್ಧ ಕೆತ್ತಿ ಕೂರಿಸಿದರೆ ಸಾಕು ಅನ್ನಿಸಬಹುದು. ಆದರೆ ಗಾಳಿ ಮಾಡನ್ನು ಒಂದು ಬದಿಯಿಂದ ನೂಕಿದಾಗ ಇನ್ನೊಂದು ಬದಿಯ ಊರೆ ಎಳೆತಕ್ಕೆ ಸಿಕ್ಕಿ ಸಂದಿನಿಂದ ಜಾರಿಕೊಳ್ಳುತ್ತದೆ. ಅದನ್ನು ತಡೆಯಲು ಊರೆಯ ತುದಿಯ ಒಂದು ಅಂಚಿನಲ್ಲಿ ಗಾಳದ ಮುಳ್ಳಿನಂತೆ ಹಿಂದಕ್ಕೆ ಕಚ್ಚಿಕೊಳ್ಳುವ ಕಚ್ಚನ್ನು ಕೆತ್ತಿ, ಅದಕ್ಕೆ ಸರಿಹೊಂದುವ ಗೂಡನ್ನು ಇನ್ನೊಂದು ಮರದಲ್ಲಿ ತೋಡಿದ್ದಾರೆ. ಮೇಲೆ ಒಂದು ಮರದ ಗೂಟ. ಭಾರ ಹೊರುವ ಕೆಲಸ ಕಚ್ಚಿನದು, ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವ ಕೆಲಸ ಗೂಟದ್ದು. ಮಾಡಿನಲ್ಲಿ ಆಮೇಲಿನ ಶತಮಾನಗಳ ಬದಲಾವಣೆಗಳು ಸಾಕಷ್ಟು ನಡೆದಿವೆ. ಆದರೂ ಮೊದಲ ಬಡಗಿಗಳ ಕೈ ಎಲ್ಲಿದೆ ಎಂಬುದನ್ನು ಈ ಕಚ್ಚುಗಳೇ ತೋರಿಸಿಕೊಡುತ್ತವೆ. ಕೆಲವೆಡೆ ಊರೆ ಕಣ್ಮರೆಯಾಗಿ, ಅದು ಕುಳಿತಿದ್ದ ಗೂಡು ಮಾತ್ರ ಕಂಬದ ಮೈಯಲ್ಲಿ ಬರಿದಾಗಿ ಉಳಿದಿದೆ. ಇಂಥ ಬರಿಗೂಡುಗಳ ಜಾಡು ಹಿಡಿದು ಮೂಲ ಹಂದರವನ್ನು ಕಾಗದದ ಮೇಲೆ ಮತ್ತೆ ಕಟ್ಟಲು ಸಾಧ್ಯವಾಗಿದೆ.

ಅಂಗಳ ದಾಟಿ ವೀಟ್ ಬಾರ್ನ್‌ಗೆ ಹೋದರೆ ಅರ್ಧ ಶತಮಾನದಲ್ಲಿ ಆದ ಕಲಿಕೆ ಗೋಚರಿಸುತ್ತದೆ. ಸುಮಾರು 40 ಮೀಟರ್ ಉದ್ದ, 12 ಮೀಟರ್ ಅಗಲದ ಕಟ್ಟಡ ಇದು. ಕಚ್ಚು ಇಲ್ಲಿಯೂ ಉಂಟು, ಆದರೆ ಅದನ್ನು ಹೊರಗೆ ಕಾಣದಂತೆ ಒಳಮುಖಕ್ಕೆ ಸೇರಿಸಿದ್ದಾರೆ. ಹಾಗೆ ಮಾಡಿದ್ದರಿಂದ ಮರದ ಅಂಚು ಕಡಿಮೆ ಸವೆದು ಸಂದು ಇನ್ನಷ್ಟು ಗಟ್ಟಿಯಾಯಿತು. ಗೋಡೆಯ ಮರಗಳ ನಡುವಣ ಜಾಗವನ್ನು ಇಟ್ಟಿಗೆಯಿಂದ ತುಂಬಿದ್ದು ಶತಮಾನಗಳ ನಂತರದ ಕೆಲಸ. ನೋಡಲು ಅದು ಚೆನ್ನಾಗಿಯೇ ಇದೆ, ಆದರೆ ಕಟ್ಟಡದ ನಿಲುವಿಗೆ ಅದರ ಕೊಡುಗೆ ಏನೂ ಇಲ್ಲ. ಆ ಇಟ್ಟಿಗೆಗಳನ್ನೆಲ್ಲ ಕಿತ್ತರೂ ಬಾರ್ನ್ ನಿಂತೇ ಇರುತ್ತದೆ.

ಕೇಂಬ್ರಿಜ್‌ನ ಆಲಿವರ್ ರ್‍ಯಾಕಮ್ ಕಾಡುಗಳ ಚರಿತ್ರೆಯನ್ನು ಬರೆದವರು. ಇಂಥ ಕಟ್ಟಡಗಳೊಳಗೆ ನಿಂತು ಮರಗಳನ್ನು ಎಣಿಸಿದ ಅವರಿಗೆ ಸಿಕ್ಕ ಉತ್ತರ ಕುತೂಹಲಕರವಾದದ್ದು. ವೀಟ್ ಬಾರ್ನ್‌ಗೆ ಬೇಕಾದದ್ದು ನಾನೂರಕ್ಕೂ ಮಿಕ್ಕ ಓಕ್ ಮರಗಳು. ಅವುಗಳಲ್ಲಿ ಮುಖ್ಯ ಕಂಬಗಳಿಗೂ ತೊಲೆಗಳಿಗೂ ಒದಗಿದ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಅಷ್ಟೇನೂ ದಪ್ಪವಲ್ಲದ ಎಳೆಯ ಮರಗಳು. ಪಕಾಸಿಯ ಅಳತೆ ಎಷ್ಟೋ ಅಷ್ಟೇ ದಪ್ಪದ ಮರವನ್ನು ಆರಿಸಿ, ಕೊಡಲಿ ಬಾಚಿಗಳಿಂದ ನಾಲ್ಕು ಮಗ್ಗುಲು ಸವರಿ, ಇಡಿಯಾಗಿಯೇ ಬಳಸಿದ್ದಾರೆ. ಗರಗಸದಿಂದ ದೊಡ್ಡ ದಿಮ್ಮಿಯನ್ನು ಸೀಳುವುದು ಅಂದು ಬಹಳ ದುಡಿಮೆ ಬೇಡುವ ಕೆಲಸವಾಗಿತ್ತು. ಅನೇಕ ಪಕಾಸಿಗಳ ಅಂಚುಗಳಲ್ಲಿ ಮರದ ದುಂಡುಮೈ ಹಾಗೆಯೇ ಉಳಿದಿರುವುದನ್ನು ಕೆಳಗಿನಿಂದಲೇ ಕಾಣಬಹುದು. ಇಂಥ ಕಟ್ಟಡಗಳಿಗಾಗಿ ಇಂಗ್ಲೆಂಡಿನ ಕಾಡೆಲ್ಲ ಬರಿದಾಯಿತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕಡಿದ ಬುಡದಿಂದಲೇ ಮತ್ತೆ ಚಿಗುರುವ, ಅಳತೆ ನೋಡಿ ಕಡಿಯುವ, ಬೇಲಿ ಹಾಕಿ ಕಾಯ್ದ ಕಾಡು ಬಾರ್ನಿನ ಪಕ್ಕದಲ್ಲಿ ಇಲ್ಲದಿದ್ದರೆ ಇಷ್ಟೊಂದು ಒಂದೇ ಅಳತೆಯ ಮರಗಳು ಸಿಗುತ್ತಲೇ ಇರಲಿಲ್ಲ ಎಂಬುದನ್ನು ಆ ಮಾತು ಮರೆತುಬಿಡುತ್ತದೆ.

ಟೆಂಪ್ಲರ್ ಪಂಥವನ್ನು 1312ರಲ್ಲಿ ಪೋಪ್ ರದ್ದು ಮಾಡಿದ ಮೇಲೆ ಕ್ರೆಸಿಂಗ್ ಅಂಥದೇ ಇನ್ನೊಂದು ಯೋಧ ಸನ್ಯಾಸಿಗಳ ಪಂಥವಾದ ಹಾಸ್ಪಿಟಲರ್‌ಗಳ ಕೈ ಸೇರಿತು. ಆ ಪಂಥದ ಇಂಗ್ಲೆಂಡ್ ಮುಖ್ಯಸ್ಥ ರಾಬರ್ಟ್ ಹೇಲ್ಸ್ 1381ರಲ್ಲಿ ರಾಜ್ಯದ ಖಜಾಂಚಿಯೂ ಆಗಿದ್ದ. ತಲೆಗಂದಾಯದ ವಿರುದ್ಧ ಎದ್ದ ರೈತರ ದಂಗೆ ಆ ವರ್ಷದ ಜೂನ್‌ನಲ್ಲಿ ಮೊದಲು ಇಲ್ಲಿಗೆ ನುಗ್ಗಿ ಜಹಗೀರಿನ ಮನೆಯನ್ನು ಲೂಟಿ ಮಾಡಿತು; ಕೆಲವೇ ದಿನಗಳಲ್ಲಿ ಲಂಡನ್ನಿನ ಟವರ್ ಹಿಲ್‌ನಲ್ಲಿ ಹೇಲ್ಸ್‌ನ ತಲೆಯನ್ನು ಕಡಿದರು. ಬಾರ್ನ್‌ಗಳು ಮಾತ್ರ ಉಳಿದವು. ಒಡೆಯನ ಮೇಲೆ ಎಷ್ಟೇ ಕೋಪವಿದ್ದರೂ ಅವನ ಕಣಜಕ್ಕೆ ಬೆಂಕಿಯಿಡುವ ಮುಂಚೆ ಬೇಸಾಯಗಾರ ಎರಡು ಸಲ ಯೋಚಿಸಿರಬೇಕು ಎಂದು ನನಗನ್ನಿಸುತ್ತದೆ. 1987ರಲ್ಲಿ ಎಸೆಕ್ಸ್ ಕೌಂಟಿ ಆಡಳಿತವು ಈ ಜಾಗವನ್ನು ಕೊಂಡುಕೊಂಡಿತು.

ಶುಕ್ರವಾರ: ಕಾಗ್‌ಶಲ್

ಕೆಲ್ವೆಡನ್ ರೈಲು ನಿಲ್ದಾಣದಿಂದ ಕಾಗ್‌ಶಲ್ ಎರಡೂವರೆ ಮೈಲಿಯಷ್ಟು ದೂರ. ಊರಿನ ಅಂಚಿನಲ್ಲಿರುವ ಗ್ರೇಂಜ್ ಬಾರ್ನ್ ಒಂದು ಕಾಲಕ್ಕೆ ಇಲ್ಲಿನ ಸಿಸ್ಟರ್ಶಿಯನ್ ಮಠಕ್ಕೆ ಸೇರಿದ್ದು. ಮಠವನ್ನು 1140ರ ಹೊತ್ತಿಗೆ ಸ್ಥಾಪಿಸಿದವರೂ ಅದೇ ಸ್ಟೀಫನ್ ಮತ್ತು ಮಟಿಲ್ಡಾ ದಂಪತಿಗಳು. ಸಿಸ್ಟರ್ಶಿಯನ್ ಸನ್ಯಾಸಿಗಳು ತಮ್ಮ ಹೊಲಗಳನ್ನು ಗ್ರೇಂಜ್ ಎಂಬ ವ್ಯವಸಾಯ ಕೇಂದ್ರಗಳಾಗಿ ವಿಂಗಡಿಸಿ, ದೀಕ್ಷೆಯ ಒಂದು ಮೆಟ್ಟಿಲು ಕೆಳಗಿದ್ದ ದುಡಿಯುವ ಸಹೋದರರಿಂದ ಉಳುಮೆ ಮಾಡಿಸುತ್ತಿದ್ದರು. ಅಂಥ ಕೇಂದ್ರದ ಕಣಜ ಇದು. ಕಟ್ಟಿದ್ದು ಹದಿಮೂರನೆಯ ಶತಮಾನದಲ್ಲಿ, ಮಾಡನ್ನು ಬದಲಾಯಿಸಿದ್ದು ಹದಿನಾಲ್ಕನೆಯದರಲ್ಲಿ.

ಕಟ್ಟಡದ ಹಳಮೆಗಿಂತ ಹತ್ತಿರದ ಕಾಲದ ಅದರ ಪಾಡು ನನಗೆ ಹೆಚ್ಚು ಮುಖ್ಯವೆನಿಸಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಾರ್ನ್‌ಗೆ ಕೆಲಸವಿಲ್ಲದಾಯಿತು. 1960ರ ದಶಕದ ನಂತರ ಹೆಂಚು ಜಾರಿ, ಮಳೆ ಒಳಗಿಳಿದು, ಮಾಡು ಬಾಗತೊಡಗಿತು. ಊರಿನವರ ಒತ್ತಾಯಕ್ಕೆ ಮಣಿದು ಬ್ರೇನ್‌ಟ್ರೀ ಜಿಲ್ಲಾ ಆಡಳಿತವು 1980ರ ದಶಕದ ಆರಂಭದಲ್ಲಿ ಕಡ್ಡಾಯ ಖರೀದಿಯ ಅಧಿಕಾರ ಬಳಸಿ ಅದನ್ನು ವಶಕ್ಕೆ ತೆಗೆದುಕೊಂಡಿತು. ದುರಸ್ತಿ ಮುಗಿದ ಮೇಲೆ, 1989ರಲ್ಲಿ, ನ್ಯಾಷನಲ್ ಟ್ರಸ್ಟ್‌ಗೆ ಬಾರ್ನ್ ಹಸ್ತಾಂತರವಾಯಿತು. ದುರಸ್ತಿಯ ಗುರುತುಗಳನ್ನು ಅಲ್ಲಿ ಮರೆಮಾಚಿಲ್ಲ. ಕಂಬದ ಬುಡ ಕೊಳೆತಿದ್ದರೆ ಆ ತುಂಡನ್ನಷ್ಟೇ ತೆಗೆದು, ಹೊಸ ಓಕ್‌ನ ತುಂಡನ್ನು ಓರೆಯಾಗಿ ಕೆತ್ತಿ ಜೋಡಿಸಿದ್ದಾರೆ. ಹಳೆಯ ಮರ ಬೂದುಬಣ್ಣಕ್ಕೆ ತಿರುಗಿದೆ, ಹೊಸದರಲ್ಲಿ ಜೇನಿನ ಬಣ್ಣ ಇನ್ನೂ ಪೂರ್ತಿ ಮಾಸಿಲ್ಲ. ಬಣ್ಣ ಬಳಿದು ಎರಡನ್ನೂ ಒಂದೇ ಮಾಡುವ ಆಸೆಯನ್ನು ತಡೆದುಕೊಂಡ ಆ ದುರಸ್ತಿಗಾರರು ಒಳ್ಳೆಯ ಕೆಲಸ ಮಾಡಿದ್ದಾರೆ.

ಶನಿವಾರ: ವಿಡಿಂಗ್ಟನ್

ಪ್ರಯರ್ಸ್ ಹಾಲ್ ಬಾರ್ನ್ ಬೇಸಿಗೆಯ ತಿಂಗಳುಗಳಲ್ಲಿ ವಾರದ ಕೊನೆಯ ದಿನಗಳಲ್ಲಷ್ಟೇ ತೆರೆದಿರುತ್ತದೆ. ನನ್ನ ದಾರಿಯನ್ನು ಅದಕ್ಕೆ ಹೊಂದಿಸಿಕೊಂಡಿದ್ದೆ. ಕೇಂಬ್ರಿಜ್ ಕಡೆಗಿನ ಮಾರ್ಗದಲ್ಲಿ ನ್ಯೂಪೋರ್ಟ್ ಎಂಬ ನಿಲ್ದಾಣದಲ್ಲಿ ಇಳಿದು, ಸಣ್ಣದೊಂದು ಏರನ್ನು ಹತ್ತಿದರೆ ವಿಡಿಂಗ್ಟನ್ ಸಿಗುತ್ತದೆ.

ಇದು ಹದಿನೈದನೆಯ ಶತಮಾನದ ಮೊದಲ ಅರ್ಧದ ಕಟ್ಟಡ. ಎಂಟು ಅಂಕಣ, 124 ಅಡಿ ಉದ್ದ, ಸುಮಾರು 400 ಓಕ್ ಮರ. ಕ್ರೆಸಿಂಗ್‌ನಿಂದ ಇಲ್ಲಿಗೆ ಎರಡು ಶತಮಾನಗಳ ಅಂತರ, ಮತ್ತು ಆ ಅಂತರದಲ್ಲಿ ಬಡಗಿಯ ವಿದ್ಯೆ ಎಷ್ಟು ಹಗುರವಾಯಿತು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇರಲಾರದು. ಕಚ್ಚಿನ ಸಂದುಗಳು ಮಾಯವಾಗಿವೆ. ಒಂದು ಮರದ ತುದಿಯನ್ನು ನಾಲಿಗೆಯಾಗಿ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಯೊಳಗೆ ಇಳಿಸಿ, ಅಡ್ಡಲಾಗಿ ಗೂಟ ಹೊಡೆಯುವ ವಿಧಾನವೇ ಎಲ್ಲೆಡೆ. ಗೂಟದ ತೂತುಗಳನ್ನು ಬಡಗಿ ಬೇಕೆಂದೇ ಒಂದರ ನೇರಕ್ಕೆ ಒಂದು ಇರದಂತೆ ಕೊರೆಯುತ್ತಿದ್ದ: ನಾಲಿಗೆಯಲ್ಲಿನ ತೂತು ಕುಳಿಯ ಗೋಡೆಯಲ್ಲಿನ ತೂತಿಗಿಂತ ಕೂದಲೆಳೆಯಷ್ಟು ಬುಡದ ಕಡೆಗಿರುತ್ತದೆ. ಚೂಪು ಮಾಡಿದ ಗೂಟವನ್ನು ಹೊಡೆದಾಗ ಅದು ಬಾಗುತ್ತಾ ಒಳಹೋಗಿ ನಾಲಿಗೆಯನ್ನು ಕುಳಿಯ ಆಳಕ್ಕೆ ಎಳೆದುಕೊಳ್ಳುತ್ತದೆ. ಹಸಿಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದದಲ್ಲಿ ಬಹುತೇಕ ಕುಗ್ಗುವುದಿಲ್ಲ. ಆ ಕುಗ್ಗುವಿಕೆಯಲ್ಲೂ ಎಳೆತ ಸಡಿಲವಾಗದಂತೆ ಮುಂಚಿತವಾಗಿಯೇ ಮಾಡಿಕೊಂಡ ಏರ್ಪಾಡು ಇದು. ಇಡೀ ಹಂದರದಲ್ಲಿ ಕಬ್ಬಿಣದ ಮೊಳೆಗೆ ಕೆಲಸವೇ ಇಲ್ಲ.

ಕಂಬದ ನೆತ್ತಿಯನ್ನು ಗಮನಿಸಿ ನೋಡಬೇಕು. ಅಲ್ಲಿ ಉದ್ದತೊಲೆಯೂ ಅಡ್ಡತೊಲೆಯೂ ಒಟ್ಟಿಗೆ ಬಂದು ಸೇರುತ್ತವೆ, ಒಂದೇ ಕಂಬ ಎರಡನ್ನೂ ಹಿಡಿಯಬೇಕು. ಅದಕ್ಕಾಗಿ ಕಂಬದ ತಲೆ ಅಗಲವಾಗಿರಬೇಕು, ಮರವೋ ಮೇಲೆ ಹೋದಂತೆ ಸಣ್ಣದಾಗುತ್ತದೆ. ಬಡಗಿಗಳು ಮರವನ್ನು ತಲೆಕೆಳಗು ಮಾಡಿ ನಿಲ್ಲಿಸಿದರು: ಬೇರಿನ ಕಡೆಯ ದಪ್ಪ ಭಾಗ ಮೇಲೆ, ತುದಿ ಕೆಳಗೆ. ಅಗಲವಾದ ಆ ತಲೆಯಲ್ಲಿ ಎರಡು ನಾಲಿಗೆಗಳನ್ನು ಬೇರೆ ಬೇರೆ ಎತ್ತರಕ್ಕೆ ಕೆತ್ತಿ, ಒಂದನ್ನು ಉದ್ದತೊಲೆಗೂ ಇನ್ನೊಂದನ್ನು ಅಡ್ಡತೊಲೆಗೂ ಕೊಟ್ಟರು. ಉದ್ದತೊಲೆಯ ಮೇಲೆ ಕೂರುವ ಅಡ್ಡತೊಲೆಯ ಅಡಿಭಾಗವನ್ನು ಹೊರಗೆ ಹೋದಂತೆ ಅಗಲವಾಗುವ ಬಾಲವಾಗಿ ಕೆತ್ತಿದರು. ಮಾಡಿನ ಭಾರಕ್ಕೆ ಉದ್ದತೊಲೆ ಹೊರಕ್ಕೆ ಜರುಗಲು ನೋಡಿದರೆ ಆ ಬಾಲ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೂರು ಮರ, ಮೂರು ದಿಕ್ಕು, ಒಂದು ಗಂಟು. ಇಂಗ್ಲೆಂಡಿನ ಬಡಗಿಗಳು ಹಲವು ಶತಮಾನಗಳ ಕಾಲ ಇದನ್ನು ಬದಲಾಯಿಸುವ ಗೋಜಿಗೇ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ ಎನ್ನಬೇಕು. ಅಡ್ಡತೊಲೆಯ ನಡುವಿನಿಂದ ಎದ್ದು ನಾಲ್ಕು ಕಡೆಗೆ ಬಾಗಿದ ಊರೆಗಳನ್ನು ಚಾಚುವ ಗಿಡ್ಡ ಕಂಬ ಮಾಡಿನ ಒಳಹಂದರವನ್ನು ಹೊರುತ್ತದೆ.

ಇಂಥ ಹಂದರವನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಸಂದುಗಳನ್ನೆಲ್ಲ ಸರಿನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಗುರುತುಗಳು ಉಳಿಯಿಂದ ಗೀರಿದ ರೋಮನ್ ಅಂಕಿಗಳು. ನಾಲ್ಕನ್ನು ಸಾಮಾನ್ಯವಾಗಿ ನಾಲ್ಕು ಗೀರುಗಳಾಗಿಯೇ ಬರೆಯುತ್ತಿದ್ದರು, ಏಕೆಂದರೆ ಮರವನ್ನು ತಿರುಗಿಸಿ ಎತ್ತುವಾಗ ಐದರ ಹಿಂದೆ ಒಂದೋ ಮುಂದೆ ಒಂದೋ ಎಂಬ ಗೊಂದಲ ಬೇಡವಲ್ಲ.

ಇಲ್ಲಿಯ ನೆಲ ಮೊದಲು ಫ್ರಾನ್ಸಿನ ಪಿಕಾರ್ಡಿಯ ಸೇಂಟ್ ವಾಲರಿ ಮಠದ್ದಾಗಿತ್ತು. ಫ್ರಾನ್ಸಿನೊಡನೆ ಶತವರ್ಷ ಯುದ್ಧ ನಡೆಯುತ್ತಿದ್ದಾಗ ಇಂಗ್ಲೆಂಡಿನ ರಾಜರು ಇಂಥ ವಿದೇಶಿ ಮಠಗಳ ಆಸ್ತಿಯನ್ನು ಮತ್ತೆ ಮತ್ತೆ ಮುಟ್ಟುಗೋಲು ಹಾಕಿಕೊಂಡರು. ಹಿಡಿದಿಟ್ಟುಕೊಳ್ಳುವುದು ಲಾಭವಲ್ಲವೆಂದು ಕಂಡ ಮಠಗಳು ಮಾರತೊಡಗಿದವು. ಕೊಳ್ಳಲು ಸಿದ್ಧನಿದ್ದವನು ವಿಂಚೆಸ್ಟರ್‌ನ ಬಿಷಪ್ ವಿಲಿಯಮ್ ಆಫ್ ವಿಕಮ್. ಅವನು 1379ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನ್ಯೂ ಕಾಲೇಜನ್ನೂ 1382ರಲ್ಲಿ ವಿಂಚೆಸ್ಟರ್ ಕಾಲೇಜನ್ನೂ ಸ್ಥಾಪಿಸಿದವನು. ವಿದ್ಯಾರ್ಥಿಗಳ ಊಟಕ್ಕೆ ಜಮೀನಿನ ಆದಾಯ ಬೇಕಿತ್ತು. ವಿಡಿಂಗ್ಟನ್ ನ್ಯೂ ಕಾಲೇಜಿಗೆ ಸೇರಿತು. ಇಷ್ಟನ್ನು ಹೇಳಲು ಕಾರಣವಿದೆ: ಇಂಥ ದೊಡ್ಡ ಬಾರ್ನ್‌ಗಳನ್ನೆಲ್ಲ ಜನ ಟೈದ್ ಬಾರ್ನ್ ಎಂದು, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತನೆಯ ಒಂದು ಪಾಲಿನ ಧಾನ್ಯ ಕೂಡಿಡುವ ಕಣಜವೆಂದು ಕರೆದುಬಿಡುತ್ತಾರೆ. ಈ ದಾರಿಯಲ್ಲಿ ನಾನು ನೋಡಿದವು ಕಟ್ಟಿಕೊಂಡದ್ದು ಅದಕ್ಕಾಗಿ ಅಲ್ಲ. ಅವು ದೊಡ್ಡ ಭೂಮಾಲೀಕ ಸಂಸ್ಥೆಗಳು ತಮ್ಮ ಸ್ವಂತ ಬೆಳೆಗೆಂದು ಎಬ್ಬಿಸಿದ ಕಣಜಗಳು.

ಸ್ವಂತ ಬೆಳೆ ಬರುತ್ತಿದ್ದದ್ದು ಕಾಳಾಗಿ ಅಲ್ಲ, ತೆನೆ ಸಮೇತ ಹುಲ್ಲಿನ ಸಿವುಡುಗಳಾಗಿ. ಬಾರ್ನ್‌ನ ಗಾತ್ರಕ್ಕೆ ಕಾರಣ ಇದೇ. ಎತ್ತರದ ಮೊಗಸಾಲೆಯ ಬಾಗಿಲಿನಿಂದ ಹೇರು ತುಂಬಿದ ಬಂಡಿ ಒಳಬರುತ್ತದೆ. ಎರಡೂ ಬದಿಯ ಅಂಕಣಗಳಿಗೆ ಸಿವುಡುಗಳನ್ನು ಎಸೆದು ಮಾಡಿನವರೆಗೆ ಒಟ್ಟುತ್ತಾರೆ. ಬರಿದಾದ ಬಂಡಿ ಎದುರಿನ ಬಾಗಿಲಿನಿಂದ ಹೊರಹೋಗುತ್ತದೆ. ಈ ಎರಡು ಬಾಗಿಲುಗಳ ನಡುವಿನ ಅಂಕಣವೇ ಕಣ. ಚಳಿಗಾಲವೆಲ್ಲ ಆಳುಗಳು ಅಲ್ಲಿ ನಿಂತು, ಚರ್ಮದ ಪಟ್ಟಿಯಿಂದ ಕೂಡಿಸಿದ ಎರಡು ತುಂಡಿನ ಬಡಿಗೋಲಿನಿಂದ ತೆನೆಯನ್ನು ಬಡಿಯುತ್ತಿದ್ದರು. ಎರಡೂ ಬಾಗಿಲು ತೆರೆದರೆ ಅಡ್ಡಗಾಳಿ ಬೀಸುತ್ತದೆ. ಆ ಗಾಳಿಗೆ ತೂರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಗೋಡೆಯ ಹಲಗೆಗಳ ನಡುವಿನ ಬಿರುಕುಗಳೂ ಬೇಕೆಂದು ಬಿಟ್ಟವು, ಗಾಳಿಯಾಡದಿದ್ದರೆ ಒಟ್ಟಿದ ಸಿವುಡು ಬೂಸಲು ಹಿಡಿಯುತ್ತದೆ. ಸ್ಕಾಟ್ಲೆಂಡಿನ ಆಂಡ್ರೂ ಮೀಕಲ್ 1786ರ ಸುಮಾರಿಗೆ ಒಕ್ಕುವ ಯಂತ್ರವನ್ನು ರೂಪಿಸಿದ ಮೇಲೆ ಈ ಚಳಿಗಾಲದ ಕೂಲಿಗೆ ಕುತ್ತು ಬಂತು. 1830ರಲ್ಲಿ ಕೆಂಟ್‌ನಿಂದ ಆರಂಭವಾಗಿ ದಕ್ಷಿಣ ಇಂಗ್ಲೆಂಡನ್ನೆಲ್ಲ ಆವರಿಸಿದ ಕೂಲಿಕಾರರ ಗಲಭೆಯಲ್ಲಿ ಯಂತ್ರಗಳನ್ನು ಒಡೆದು ಹಾಕಿದವರು ಬಡಿಗೋಲು ಹಿಡಿದಿದ್ದ ಕೈಗಳವರೇ.

ಭಾನುವಾರ: ಹಾರ್ಮಂಡ್ಸ್‌ವರ್ತ್

ವಿಕಮ್‌ನ ಇನ್ನೊಂದು ಖರೀದಿ ಹಾರ್ಮಂಡ್ಸ್‌ವರ್ತ್. ರೂಆನ್ ನಗರದ ಮಠವೊಂದರಿಂದ 1391ರಲ್ಲಿ ಕೊಂಡ ಈ ಜಹಗೀರು ವಿಂಚೆಸ್ಟರ್ ಕಾಲೇಜಿನ ಪಾಲಾಯಿತು. ಇಂದು ಊರಿನ ನೆರೆಯಲ್ಲೇ ಹೀಥ್ರೋ ವಿಮಾನ ನಿಲ್ದಾಣವಿದೆ. ಬಾರ್ನ್‌ನೊಳಗೆ ಮಾತನಾಡುವಾಗ ವಿಮಾನದ ಸದ್ದಿಗೆ ಆಗಾಗ ನಿಲ್ಲಿಸಬೇಕಾಗುತ್ತದೆ. ತಿಂಗಳಲ್ಲಿ ಎರಡು ಭಾನುವಾರ ಮಾತ್ರ ಬಾಗಿಲು ತೆರೆಯುವುದರಿಂದ ಜನ ಸಾಕಷ್ಟಿದ್ದರು.

ಹನ್ನೆರಡು ಅಂಕಣ, 192 ಅಡಿ ಉದ್ದ. ಕಟ್ಟಿದ್ದು 1426ರ ಹೊತ್ತಿನಲ್ಲಿ. ಕಾಲೇಜಿನ ಲೆಕ್ಕಪತ್ರಗಳು ಉಳಿದಿರುವುದರಿಂದ ಬಡಗಿಯ ಹೆಸರೂ ಸಿಗುತ್ತದೆ: ವಿಲಿಯಮ್ ಕಿಪ್ಪಿಂಗ್ ಎಂಬ ಬಡಗಿ ಜಾನ್ ಆಟ್ ಓಕ್ ಎಂಬವನೊಡನೆ ಮರ ಕೊಳ್ಳಲು ಕಿಂಗ್ಸ್‌ಟನ್‌ಗೆ ಹೋದದ್ದಕ್ಕೆ ದಾಖಲೆ ಇದೆ. ಹಂದರದ ಬಹುಪಾಲು ಮರ ಇಂದಿಗೂ ಅವರ ಕಾಲದ್ದೇ. ಕಂಬಗಳು ನೆಲದಲ್ಲಿ ಹೂತಿಲ್ಲ, ರೈಗೇಟ್‌ನ ಮರಳುಗಲ್ಲಿನ ಪೀಠಗಳ ಮೇಲೆ ಕುಳಿತಿವೆ. ಆರು ಶತಮಾನ ಬಾಳಿದ್ದಕ್ಕೆ ಓಕ್‌ನ ಗಟ್ಟಿತನವನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಮರದ ಬುಡವನ್ನು ನೆಲದ ತೇವದಿಂದ ಎತ್ತಿಟ್ಟ ಆ ಕಲ್ಲಿನ ತುಂಡಿಗೂ ಅಷ್ಟೇ ಪಾಲು ಸಲ್ಲಬೇಕು.

ಕವಿ ಜಾನ್ ಬೆಚಮನ್ ಈ ಬಾರ್ನ್ ಅನ್ನು ಮಿಡ್ಲ್‌ಸೆಕ್ಸ್‌ನ ಕೆಥೀಡ್ರಲ್ ಎಂದು ಕರೆದಿದ್ದರು. ಇಲ್ಲಿಗೆ ಬಂದವರೆಲ್ಲ ಆ ಮಾತನ್ನು ಪುನರುಚ್ಚರಿಸುತ್ತಾರೆ. ಕಂಬಗಳ ಸಾಲು, ನಡುವಣ ಎತ್ತರ, ಮಗ್ಗುಲ ಪಟ್ಟಿಗಳು ನಿಜಕ್ಕೂ ಚರ್ಚನ್ನು ನೆನಪಿಸುತ್ತವೆ. ಆದರೂ ಈ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ಚರ್ಚಿನಲ್ಲಿ ಕಣ್ಣನ್ನು ಒಂದು ತುದಿಗೆ, ಪೂಜಾವೇದಿಕೆಯ ಕಡೆಗೆ ಕರೆದೊಯ್ಯಲು ಕಂಬಗಳನ್ನು ನಿಲ್ಲಿಸುತ್ತಾರೆ. ಇಲ್ಲಿ ಅಂಥ ತುದಿಯೇ ಇಲ್ಲ. ಚಲನೆಯೆಲ್ಲ ಅಡ್ಡಕ್ಕೆ, ಬಾಗಿಲಿನಿಂದ ಬಾಗಿಲಿಗೆ. ನಾವು ಇಂದು ತಲೆಯೆತ್ತಿ ಮೆಚ್ಚುವ ಈ ವಿಶಾಲ ಬರಿದು ಸುಗ್ಗಿಯ ನಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಲ್ಲೆಲ್ಲ ಸಿವುಡು ತುಂಬಿರುತ್ತಿತ್ತು. ಬರಿದಾಗಿ ಕಂಡಿದ್ದರೆ ಕಾಲೇಜಿನ ಲೆಕ್ಕಿಗನಿಗೆ ಅದು ಭವ್ಯತೆಯಾಗಿ ಅಲ್ಲ, ಕೆಟ್ಟ ಬೆಳೆಯಾಗಿ ಕಂಡಿರುತ್ತಿತ್ತು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಾರ್ನ್ ಬಳಕೆಯಿಲ್ಲದೆ, ದುರಸ್ತಿಯಿಲ್ಲದೆ ಹಾಳುಬಿದ್ದಿತ್ತು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 2011ರ ಕೊನೆಯ ಭಾಗದಲ್ಲಿ ಅದನ್ನು 20,000 ಪೌಂಡ್‌ಗೆ ಕೊಂಡಿತು. ಲಂಡನ್ನಿನಲ್ಲಿ ಆ ಹಣಕ್ಕೆ ಒಂದು ಕೋಣೆಯೂ ಸಿಗುವುದಿಲ್ಲ. ಹೀಥ್ರೋಗೆ ಇನ್ನೊಂದು ಓಡುಹಾದಿ ಬೇಕೆಂಬ ಯೋಜನೆಯ ನೆರಳು ಊರಿನ ಮೇಲೆ ವರ್ಷಗಳಿಂದ ಬಿದ್ದಿದೆ.

ಸೋಮವಾರ: ಗ್ರೇಟ್ ಕಾಕ್ಸ್‌ವೆಲ್

ಬಾಡಿಗೆ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟು ನಡುವೆ ಗ್ರೇಟ್ ಕಾಕ್ಸ್‌ವೆಲ್‌ನಲ್ಲಿ ನಿಂತೆ. ಬ್ಯೂಲಿ ಮಠದ ಸಿಸ್ಟರ್ಶಿಯನ್ನರು ಹದಿಮೂರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕಣಜವಿದು. ಗೋಡೆಗಳು ಕಲ್ಲಿನವು, 150 ಅಡಿಗೂ ಮೀರಿದ ಉದ್ದ. ಮನುಷ್ಯನನ್ನು ಮೀರಿಸುವ ಎತ್ತರದ ಕಲ್ಲುಪೀಠಗಳ ಮೇಲೆ ಓಕ್ ಕಂಬಗಳು ನಿಂತಿವೆ. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ಮನೆ ಮಾಡಿದ್ದ ಕವಿ, ವಿನ್ಯಾಸಕಾರ ವಿಲಿಯಮ್ ಮಾರಿಸ್‌ಗೂ ಇದು ಕೆಥೀಡ್ರಲ್‌ನಷ್ಟೇ ಘನವಾಗಿ ಕಂಡಿತ್ತು. ಸುಂದರವಾದ ಕಟ್ಟಡವೇ ಸರಿ. ಆದರೆ ಕಲ್ಲಿನ ಗೋಡೆ ಹೊರನೋಟವನ್ನು ಆವರಿಸಿಕೊಂಡುಬಿಟ್ಟಿರುವುದರಿಂದ ಬಡಗಿಯ ಮಾತು ಒಳಗೆ ಹೋದವರಿಗಷ್ಟೇ ಕೇಳಿಸುತ್ತದೆ.

ಮಂಗಳವಾರ: ಲೀ ಕೋರ್ಟ್

ವೂಸ್ಟರ್ ನಗರದಿಂದ ಪಶ್ಚಿಮಕ್ಕೆ ಐದಾರು ಮೈಲಿ, ಟೀಮ್ ನದಿಯ ಬಯಲಿನಲ್ಲಿ ಲೀ ಕೋರ್ಟ್ ಬಾರ್ನ್ ಇದೆ. ಪರ್ಶೋರ್ ಮಠಕ್ಕೆಂದು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಒಳಗೆ ಹೆಜ್ಜೆಯಿಟ್ಟರೆ ಇಷ್ಟು ದಿನ ಕಂಡದ್ದೇನೂ ಇಲ್ಲಿಲ್ಲ. ಕಂಬಗಳ ಸಾಲು ಇಲ್ಲ, ಮಗ್ಗುಲ ಪಟ್ಟಿಗಳಿಲ್ಲ, ಉದ್ದಕ್ಕೂ ಒಂದೇ ಬಯಲು.

ಇದು ಕ್ರಕ್ ಎಂಬ ಹಂದರದ ರೀತಿ. ಸಹಜವಾಗಿಯೇ ಬಾಗಿ ಬೆಳೆದ ದೊಡ್ಡ ಓಕ್ ಮರಗಳನ್ನು ಹುಡುಕಿ, ಎರಡೆರಡನ್ನು ಎದುರುಬದುರಾಗಿ ನಿಲ್ಲಿಸಿ, ನೆತ್ತಿಯಲ್ಲಿ ಕೂಡಿಸುತ್ತಾರೆ. ಗೋಡೆಯ ಬುಡದಿಂದ ಮಾಡಿನ ನೆತ್ತಿಯವರೆಗೆ ಭಾರವೆಲ್ಲ ಆ ಜೋಡಿಯ ಮೂಲಕವೇ ನೆಲಕ್ಕೆ ಇಳಿಯುತ್ತದೆ. ಕಂಬ, ತೊಲೆ, ಪಕಾಸಿ ಎಂಬ ಮೂರು ಕೆಲಸಗಳನ್ನೂ ಒಂದೇ ಮರ ನಿರ್ವಹಿಸುತ್ತದೆ ಎನ್ನಬಹುದು. ಲೀ ಕೋರ್ಟ್‌ನಲ್ಲಿ ಇಂಥ 18 ಬಾಗುಮರಗಳಿವೆ, ಒಂದೊಂದೂ ಒಂದೊಂದು ಇಡೀ ಓಕ್. ಬ್ರಿಟನ್ನಿನಲ್ಲಿರುವ ಕ್ರಕ್ ಕಟ್ಟಡಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಕ್ರೆಸಿಂಗ್‌ನ ಬಡಗಿಗೆ ಒಂದೇ ಅಳತೆಯ ಸಣ್ಣ ಮರಗಳು ನೂರಾರು ಬೇಕಿದ್ದರೆ, ಇಲ್ಲಿಯವನಿಗೆ ಒಂದೇ ಬಾಗಿನ ದೊಡ್ಡ ಮರಗಳು ಬೇಕಿದ್ದವು. ಮರ ಆರಿಸಲು ಕಾಡು ಸುತ್ತಿದ ದಿನಗಳು ಕೆತ್ತಿದ ದಿನಗಳಿಗಿಂತ ಕಡಿಮೆ ಇರಲಾರವು ಎಂಬುದು ನನ್ನ ಊಹೆ.

ಇಂಗ್ಲೆಂಡಿನ ನಕಾಶೆಯಲ್ಲಿ ಕ್ರಕ್ ಕಟ್ಟಡಗಳನ್ನು ಗುರುತಿಸುತ್ತಾ ಹೋದರೆ ಪಶ್ಚಿಮ, ಉತ್ತರ ಮತ್ತು ಮಧ್ಯಭಾಗಗಳು ತುಂಬುತ್ತವೆ. ಎಸೆಕ್ಸ್ ಮತ್ತು ಅದರ ನೆರೆಯ ಪೂರ್ವದ ಕೌಂಟಿಗಳು ಬಹುತೇಕ ಖಾಲಿ ಉಳಿಯುತ್ತವೆ. ಎಸೆಕ್ಸ್‌ನಲ್ಲಿ ಓಕ್‌ಗೆ ಕೊರತೆಯಿರಲಿಲ್ಲ, ಬಡಗಿಗಳಿಗೂ ಇರಲಿಲ್ಲ. ಎರಡು ಸೀಮೆಗಳ ಬಡಗಿಗಳು ಒಂದೇ ಮರದಿಂದ, ಒಂದೇ ಬಗೆಯ ಕೊಡಲಿ ಬಾಚಿಗಳಿಂದ, ಒಂದೇ ಬೆಳೆಯನ್ನು ಕಾಪಿಡಲು ಎರಡು ಬೇರೆ ದಾರಿ ಹಿಡಿದರು. ಕಂಬಗಳ ಕಿರಿಕಿರಿಯಿಲ್ಲದ ಬಯಲು ಬಂಡಿ ತಿರುಗಿಸುವವನಿಗೆ ಹೆಚ್ಚು ಹಿತವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕ್ರಕ್ ಕಟ್ಟಡದ ಅಗಲವನ್ನು ಬಾಗುಮರದ ಉದ್ದ ನಿರ್ಧರಿಸುತ್ತದೆ, ಮರವನ್ನು ಬೇಕಾದಷ್ಟು ಉದ್ದ ಬೆಳೆಸಲಾಗದು. ಲೀ ಕೋರ್ಟ್‌ನ ಸುಮಾರು 34 ಅಡಿ ಅಗಲ ಆ ವಿಧಾನದ ಎಲ್ಲೆಯ ಸಮೀಪದ್ದು. ಅದಕ್ಕಿಂತ ಅಗಲ ಬೇಕೆಂದವರು ಒಳಗೆ ಕಂಬಗಳನ್ನು ನಿಲ್ಲಿಸಿ, ಮಗ್ಗುಲಿಗೆ ಎರಡು ಪಟ್ಟಿಗಳನ್ನು ಸೇರಿಸಿಕೊಳ್ಳಲೇ ಬೇಕಾಗಿತ್ತು.